ಬಿತ್ತನೆಗೆ ಎತ್ತಿಟ್ಟ ಕೋಶಗಳು

ಎಲೆ-ಅಡಿಕೆ ಅಂಗಡಿಯಲ್ಲಿ ಸಿಗುವ ಸುಣ್ಣದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ಮಕ್ಕಳ ಕೈಗೆ ಸಿಕ್ಕರೆ ಆಟದ ಸಾಮಾನಾಗುತ್ತದೆ. ಬೆರಳಿನಿಂದ ಹಿಸುಕುತ್ತಾರೆ, ಹಲ್ಲಿನಿಂದ ಕಚ್ಚುತ್ತಾರೆ. ಪೊಟ್ಟಣ ಫಟ್ಟನೆ ಒಡೆದು ಸುಣ್ಣ ಕಣ್ಣಿಗೇ ಚಿಮ್ಮುತ್ತದೆ. ಸುಣ್ಣ ಕ್ಷಾರ, ಕಣ್ಣಿನ ಮೇಲ್ಪದರವನ್ನು ಸುಟ್ಟು ಅಷ್ಟಕ್ಕೇ ನಿಲ್ಲದೆ ಒಳಗೊಳಗೆ ಇಳಿಯುತ್ತ ಹೋಗುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು ಇಂಥ ಮಕ್ಕಳಿಗೆ ಚಿಕಿತ್ಸೆ ಕೊಡುತ್ತ, ಈ ಪೊಟ್ಟಣಗಳ ಅಪಾಯದ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆಯುತ್ತ ಬಂದಿದ್ದಾರೆ. ಸುಣ್ಣ ಕಣ್ಣಿಗೆ ಬಿದ್ದ ಕ್ಷಣವೇ ಧಾರಾಳವಾಗಿ ನೀರು ಸುರಿದು ತೊಳೆಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆಗೆ ಓಡಬೇಕು. ಎಲೆ-ಅಡಿಕೆ ತಟ್ಟೆ ಇರುವ ಪ್ರತಿ ಮನೆಗೂ ಇದು ಗೊತ್ತಿರಲೇಬೇಕು.

ಗಾಯವೇನೋ ಮಾಯುತ್ತದೆ. ದೃಷ್ಟಿ ಮಾತ್ರ ಎಷ್ಟೋ ಸಲ ಮರಳುವುದಿಲ್ಲ. ಅದಕ್ಕೆ ಕಾರಣ ಕಣ್ಣಿನ ಕಪ್ಪು ಮತ್ತು ಬಿಳಿ ಭಾಗಗಳು ಕೂಡುವ ಅಂಚಿನಲ್ಲಿದೆ. ಒಂದೆರಡು ಮಿಲಿಮೀಟರ್ ಅಗಲದ ಆ ಉಂಗುರದ ಹೆಸರು ಲಿಂಬಸ್. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲ್ಪದರ ದಿನವೂ ಸವೆಯುತ್ತದೆ, ವಾರದ ಆಸುಪಾಸಿನಲ್ಲಿ ಪೂರ್ತಿ ಹೊಸದಾಗುತ್ತದೆ. ಆ ಹೊಸ ಕೋಶಗಳು ಹುಟ್ಟಿ ನಡುವಿನತ್ತ ಸರಿದು ಬರುವುದು ಈ ಉಂಗುರದಿಂದಲೇ. ಉಂಗುರ ಸುಟ್ಟುಹೋದರೆ ಪಕ್ಕದ ಬಿಳಿಭಾಗದ ಪೊರೆ ರಕ್ತನಾಳಗಳ ಸಮೇತ ಕಾರ್ನಿಯಾದ ಮೇಲೆ ಹಬ್ಬಿ ಅದನ್ನು ಮುಚ್ಚಿಬಿಡುತ್ತದೆ. ನೇತ್ರದಾನದಿಂದ ಬಂದ ಕಾರ್ನಿಯಾ ಕೂರಿಸಿದರೂ ಪ್ರಯೋಜನವಾಗದು. ಮೇಲ್ಪದರವನ್ನು ಹೊಸದು ಮಾಡುತ್ತಲೇ ಇರುವ ಕೋಶಗಳಿಲ್ಲದ ಮೇಲೆ ಅದೂ ಮಬ್ಬಾಗುತ್ತದೆ.

ಹೈದರಾಬಾದಿನ ವೈದ್ಯರು ಇದಕ್ಕೆ ಕಂಡುಕೊಂಡ ದಾರಿ ಸರಳತೆಯಿಂದಲೇ ಬೆರಗು ಹುಟ್ಟಿಸುತ್ತದೆ. ಮೊದಮೊದಲು ಅವರು ರೋಗಿಯ ಚೆನ್ನಾಗಿರುವ ಇನ್ನೊಂದು ಕಣ್ಣಿನ ಲಿಂಬಸ್‌ನಿಂದ ಚೂರು ತೆಗೆದು, ಲ್ಯಾಬಿನಲ್ಲಿ ಪದರವಾಗಿ ಬೆಳೆಸಿ ಕಸಿ ಮಾಡುತ್ತಿದ್ದರು. ಲ್ಯಾಬು ದುಬಾರಿ, ಎಲ್ಲ ಊರಿನಲ್ಲಿ ಇರುವಂಥದ್ದಲ್ಲ. 2012ರಲ್ಲಿ ಡಾ. ವೀರೇಂದರ್ ಸಾಂಗ್ವಾನ್ ಮತ್ತು ಸಂಗಡಿಗರು ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಸುಮಾರು ಎರಡು ಮಿಲಿಮೀಟರ್ ಉದ್ದಗಲದ ಚೂರನ್ನು ಎಂಟು-ಹತ್ತು ತುಣುಕು ಮಾಡುವುದು, ಹೆರಿಗೆಯ ನಂತರ ಸಿಗುವ ಗರ್ಭಚೀಲದ ತೆಳು ಪೊರೆಯನ್ನು ಸುಟ್ಟ ಕಣ್ಣಿನ ಮೇಲೆ ಹಾಸುವುದು, ಅದರ ಮೇಲೆ ತುಣುಕುಗಳನ್ನು ಅಂಟಿಸಿ ಬಿಡುವುದು. ಕೋಶಗಳು ಲ್ಯಾಬಿನ ಬದಲು ಕಣ್ಣಿನ ಮೇಲೇ ಬೆಳೆದು ಹರಡಿ ಒಂದನ್ನೊಂದು ಕೂಡಿಕೊಳ್ಳುತ್ತವೆ. ಸ್ಲೆಟ್ ಎಂದು ಹೆಸರಾದ ಈ ಶಸ್ತ್ರಚಿಕಿತ್ಸೆಯನ್ನು ಈಗ ಬೇರೆ ದೇಶಗಳ ವೈದ್ಯರೂ ಮಾಡುತ್ತಾರೆ. ಒಂದೇ ಷರತ್ತು, ಇನ್ನೊಂದು ಕಣ್ಣು ಆರೋಗ್ಯವಾಗಿರಬೇಕು.

ಕಣ್ಣಿನಂಚಿನ ಆ ಕೋಶಗಳೇ ಸ್ಟೆಮ್ ಸೆಲ್‌ಗಳು, ಕನ್ನಡದ ವಿಜ್ಞಾನ ಪುಸ್ತಕಗಳ ಆಕರ ಕೋಶಗಳು.

ರೈತ ಬೆಳೆದ ರಾಗಿಯನ್ನೆಲ್ಲ ಬೀಸಿ ಹಿಟ್ಟು ಮಾಡುವುದಿಲ್ಲ. ಒಂದು ಪಾಲನ್ನು ಮುಂದಿನ ಬಿತ್ತನೆಗೆಂದು ಎತ್ತಿಡುತ್ತಾನೆ. ಸ್ಟೆಮ್ ಸೆಲ್‌ಗಳ ಕ್ರಮವೂ ಇದೇ. ಅವು ಒಡೆದು ಹೆಚ್ಚಾಗುವಾಗ ಒಂದಷ್ಟು ಕೋಶಗಳು ಚರ್ಮವಾಗಿ, ರಕ್ತವಾಗಿ, ಕರುಳಿನ ಒಳಪೊರೆಯಾಗಿ ದುಡಿದು ಸವೆದುಹೋಗುತ್ತವೆ. ಇನ್ನೊಂದಷ್ಟು ಏನೂ ಆಗದೆ ಬೀಜವಾಗಿಯೇ ಉಳಿಯುತ್ತವೆ. ಕರುಳಿನ ಒಳಪೊರೆ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುವುದು, 120 ದಿನ ಬಾಳುವ ಕೆಂಪು ರಕ್ತಕಣಗಳು ಸೆಕೆಂಡಿಗೆ 20 ಲಕ್ಷದ ಲೆಕ್ಕದಲ್ಲಿ ಹುಟ್ಟುತ್ತಲೇ ಇರುವುದು ಈ ಎತ್ತಿಟ್ಟ ಬೀಜದ ಬಲದಿಂದ. ರಾಗಿ ಬಿತ್ತಿದರೆ ರಾಗಿಯೇ ಬರುತ್ತದೆ ಎಂಬುದನ್ನೂ ಇಲ್ಲಿಯೇ ಗಮನಿಸಬೇಕು. ಕಣ್ಣಿನಂಚಿನ ಕೋಶ ಕಾರ್ನಿಯಾದ ಪದರ ಬೆಳೆಯುತ್ತದೆ, ಮೂಳೆಯೊಳಗಿನ ಮಜ್ಜೆಯ ಕೋಶ ರಕ್ತ ಬೆಳೆಯುತ್ತದೆ. ಒಂದರ ಕೆಲಸ ಇನ್ನೊಂದಕ್ಕೆ ಬರದು. ಸ್ಟೆಮ್ ಸೆಲ್ ಚಿಕಿತ್ಸೆಯಲ್ಲಿ ಗೆದ್ದದ್ದು ಯಾವುದು, ಇನ್ನೂ ಗೆಲ್ಲದ್ದು ಯಾವುದು, ಬರೀ ಮೋಸ ಯಾವುದು ಎಂದು ತಿಳಿಯಲು ರೋಗಿಗೆ ಇದಕ್ಕಿಂತ ಒಳ್ಳೆಯ ಕೈದೀವಿಗೆ ಸಿಗದು.

ಚರ್ಮದ ಒಂದು ಪ್ರಸಂಗ ಇದನ್ನು ಇನ್ನಷ್ಟು ಸ್ಪಷ್ಟ ಮಾಡುತ್ತದೆ. 2015ರಲ್ಲಿ ಜರ್ಮನಿಯ ಬೋಖುಮ್ ನಗರದ ಸುಟ್ಟಗಾಯಗಳ ಆಸ್ಪತ್ರೆಗೆ ಏಳು ವರ್ಷದ ಹುಡುಗನೊಬ್ಬ ದಾಖಲಾದ. ಸಿರಿಯಾದಿಂದ ಬಂದ ಕುಟುಂಬ. ಹುಟ್ಟಿನಿಂದಲೇ ಅವನಿಗೆ ಚರ್ಮ ಬೊಬ್ಬೆ ಎದ್ದು ಸುಲಿದುಹೋಗುವ ಕಾಯಿಲೆ; ಚರ್ಮದ ಪದರಗಳನ್ನು ಹಿಡಿದಿಡುವ ಒಂದು ಪ್ರೋಟೀನಿನ ಜೀನ್ ಕೆಟ್ಟಿತ್ತು. ಸೋಂಕು ತಗುಲಿ ಮೈಯ ಬಹುಪಾಲು ಚರ್ಮ ಹೋಗಿತ್ತು. ತಂದೆಯ ಚರ್ಮ ಕಸಿ ಮಾಡಿದರೆ ಮೈ ಒಪ್ಪಲಿಲ್ಲ. ಕೊನೆಗೆ ವೈದ್ಯರು ಇಟಲಿಯ ಮೊಡೆನಾದಲ್ಲಿದ್ದ ಮಿಕೆಲೆ ದೆ ಲೂಕಾ ಅವರನ್ನು ಸಂಪರ್ಕಿಸಿದರು. ಹುಡುಗನ ಮೈಮೇಲೆ ಉಳಿದಿದ್ದ ಚರ್ಮದಿಂದ ಸಣ್ಣ ಚೂರು ಮೊಡೆನಾಕ್ಕೆ ಹೋಯಿತು. ಅಲ್ಲಿ ಕೋಶಗಳೊಳಗೆ ಸರಿಯಾದ ಜೀನ್ ಸೇರಿಸಿ, ಹಾಳೆಗಳಾಗಿ ಬೆಳೆಸಿ ಕಳಿಸಿದರು. ಹಲವು ಶಸ್ತ್ರಚಿಕಿತ್ಸೆಗಳಲ್ಲಿ ಮೈಯ ಶೇಕಡ 80ರಷ್ಟು ಭಾಗಕ್ಕೆ ಹೊಸ ಚರ್ಮ ಹೊದಿಸಿದರು. ಹುಡುಗ ಮನೆಗೆ ಹೋದ, ಶಾಲೆಗೆ ಹೋದ, ಫುಟ್‌ಬಾಲ್ ಆಡಿದ.

2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವರದಿಯಲ್ಲಿ ವಿಜ್ಞಾನಿಗಳನ್ನು ಕುತೂಹಲಕ್ಕೆ ಕೆಡವಿದ ಸಂಗತಿ ಮತ್ತೊಂದಿತ್ತು. ಕಸಿ ಮಾಡಿದ ಕೋಟ್ಯಂತರ ಕೋಶಗಳಲ್ಲಿ ಹೆಚ್ಚಿನವು ತಿಂಗಳೊಪ್ಪತ್ತಿನಲ್ಲಿ ಉದುರಿಹೋಗಿದ್ದವು. ಹುಡುಗನ ಇಡೀ ಚರ್ಮವನ್ನು ಸಾಕುತ್ತಿದ್ದುದು ಅವುಗಳಲ್ಲಿ ಸೇರಿದ್ದ ಕೆಲವೇ ನಿಜವಾದ ಸ್ಟೆಮ್ ಸೆಲ್‌ಗಳು.

ಈ ವಿಜ್ಞಾನ ಹುಟ್ಟಿದ್ದು ರಕ್ತದಲ್ಲಿ. ಹಿರೋಶಿಮಾ, ನಾಗಾಸಾಕಿಗಳ ನಂತರ ವಿಕಿರಣ ದೇಹಕ್ಕೆ ಏನು ಮಾಡುತ್ತದೆಂಬುದು ವೈದ್ಯ ಜಗತ್ತನ್ನು ಕಾಡತೊಡಗಿತು. ಬಾಂಬಿನಿಂದ ಬದುಕಿ ಉಳಿದವರಲ್ಲಿ ಹಲವರು ವಾರಗಳ ಮೇಲೆ ರಕ್ತಸ್ರಾವ, ಸೋಂಕಿನಿಂದ ಸತ್ತರು. ವಿಕಿರಣ ಮೊದಲು ಕೊಲ್ಲುವ ಅಂಗಗಳಲ್ಲಿ ಅಸ್ಥಿಮಜ್ಜೆ ಒಂದು. ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಎಂಬ ಭೌತವಿಜ್ಞಾನಿ ಮತ್ತು ಅರ್ನೆಸ್ಟ್ ಮೆಕಲಕ್ ಎಂಬ ವೈದ್ಯ ಇಲಿಗಳಿಗೆ ಮಾರಕ ಪ್ರಮಾಣದ ವಿಕಿರಣ ಕೊಟ್ಟು, ಬೇರೆ ಇಲಿಯ ಮಜ್ಜೆಯನ್ನು ಚುಚ್ಚಿ ನೋಡುತ್ತಿದ್ದರು. ಹತ್ತು ದಿನದ ನಂತರ ಇಲಿಗಳ ಗುಲ್ಮದ ಮೇಲೆ ಗಂಟುಗಳು ಕಂಡವು. ಚುಚ್ಚಿದ ಮಜ್ಜೆ ಹೆಚ್ಚಿದಷ್ಟೂ ಗಂಟುಗಳೂ ಅದೇ ಲೆಕ್ಕದಲ್ಲಿ ಹೆಚ್ಚಿದ್ದವು. 1961ರಲ್ಲಿ ಇದನ್ನು ಪ್ರಕಟಿಸಿದರು. ಒಂದೊಂದು ಗಂಟೂ ಒಂದೇ ಒಂದು ಕೋಶದ ಸಂತಾನ, ಆ ಒಂದೇ ಕೋಶ ಹಲವು ಬಗೆಯ ರಕ್ತಕಣ ಹುಟ್ಟಿಸಬಲ್ಲದು ಎಂದು 1963ರಲ್ಲಿ ತೋರಿಸಿದರು.

ಅಷ್ಟರಲ್ಲಾಗಲೇ ಮನುಷ್ಯರಲ್ಲಿ ಮಜ್ಜೆ ಕಸಿಯ ಪ್ರಯತ್ನ ನಡೆದಿತ್ತು, ಸೋತಿತ್ತು. ಅಮೆರಿಕದ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನ ಆಸ್ಪತ್ರೆಯಲ್ಲಿ ಡಾನಲ್ ಥಾಮಸ್ 1957ರಲ್ಲಿ ವರದಿ ಮಾಡಿದ ಆರು ರೋಗಿಗಳಲ್ಲಿ ಯಾರೂ ಹೆಚ್ಚು ದಿನ ಬದುಕಲಿಲ್ಲ. ನಂತರದ ವರ್ಷಗಳಲ್ಲಿ ಹಲವರು ಈ ಕೆಲಸವನ್ನೇ ಕೈಬಿಟ್ಟರು. ಥಾಮಸ್ ಬಿಡಲಿಲ್ಲ, ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ, ಕೊಡುವವರ ಮತ್ತು ಪಡೆಯುವವರ ಅಂಗಾಂಶ ಹೊಂದಬೇಕೆಂಬುದನ್ನು ಅರಿತು, ಸಿಯಾಟಲ್‌ನಲ್ಲಿ ಮತ್ತೆ ಮನುಷ್ಯರ ಕಸಿ ಶುರು ಮಾಡಿದರು. 1990ರಲ್ಲಿ ಅವರಿಗೆ ನೊಬೆಲ್ ಬಂತು. ಭಾರತದಲ್ಲಿ ಮೊದಲ ಯಶಸ್ವಿ ಕಸಿ ನಡೆದದ್ದು 1983ರ ಮಾರ್ಚಿನಲ್ಲಿ, ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಡಾ. ಸುರೇಶ್ ಅಡ್ವಾಣಿ ಅವರ ತಂಡ ರಕ್ತದ ಕ್ಯಾನ್ಸರ್ ಇದ್ದ ಒಂಬತ್ತು ವರ್ಷದ ಹುಡುಗಿಗೆ ಅವಳ ಸಹೋದರನ ಮಜ್ಜೆ ಕೊಟ್ಟಿತು. 1986ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಡಾ. ಮಮ್ಮೆನ್ ಚಾಂಡಿ ಥಲಸ್ಸೇಮಿಯಾಕ್ಕೆ ಕಸಿ ಮಾಡಿದರು.

ಕಸಿ ಎಂದ ಕೂಡಲೇ ಜನ ದೊಡ್ಡ ಆಪರೇಷನ್ ಎಂದುಕೊಳ್ಳುತ್ತಾರೆ. ರೋಗಿಯ ಮಟ್ಟಿಗೆ ಅಲ್ಲಿ ಕತ್ತರಿ, ಹೊಲಿಗೆ ಯಾವುದೂ ಇಲ್ಲ. ಮೊದಲ ವಾರ ಭಾರಿ ಪ್ರಮಾಣದ ಕೀಮೋ ಕೊಟ್ಟು, ಕೆಲವರಿಗೆ ವಿಕಿರಣವನ್ನೂ ಕೊಟ್ಟು, ಹಳೆಯ ಮಜ್ಜೆಯನ್ನು ಖಾಲಿ ಮಾಡುತ್ತಾರೆ. ಆಮೇಲೆ ದಾನಿಯ ಕೋಶಗಳಿರುವ ಚೀಲವನ್ನು ರಕ್ತ ಏರಿಸುವ ಹಾಗೆಯೇ ಏರಿಸುತ್ತಾರೆ. ರಕ್ತನಾಳಕ್ಕೆ ಬಿದ್ದ ಸ್ಟೆಮ್ ಸೆಲ್‌ಗಳು ತಾವಾಗಿಯೇ ಮೂಳೆಯೊಳಗಿನ ಮನೆಯನ್ನು ಹುಡುಕಿಕೊಂಡು ಹೋಗಿ ನೆಲೆಸುತ್ತವೆ. ಕಷ್ಟವಿರುವುದು ಆಮೇಲಿನ ಎರಡು-ಮೂರು ವಾರ. ಹಳೆಯ ಮಜ್ಜೆ ಇಲ್ಲ, ಹೊಸತು ಚಿಗುರಿಲ್ಲ. ಬಿಳಿಕಣಗಳ ಸಂಖ್ಯೆ ಸೊನ್ನೆಗೆ ಹತ್ತಿರ. ಬಾಯಿ ತುಂಬ ಹುಣ್ಣು, ಜ್ವರ, ಸೋಂಕಿನ ಭಯ. ಸೋಸಿದ ಗಾಳಿಯ ಕೋಣೆಯಲ್ಲಿ ರೋಗಿಯೊಂದಿಗೆ ಸಾಮಾನ್ಯವಾಗಿ ಒಬ್ಬರೇ. ದಿನವೂ ಬೆಳಗ್ಗೆ ಬರುವ ‘ಕೌಂಟ್’ ಎಷ್ಟು ಎಂಬುದಕ್ಕಾಗಿ ಇಡೀ ಮನೆ ಕಾಯುತ್ತದೆ.

ಹೊಸ ಮಜ್ಜೆ ಹಿಡಿದ ಮೇಲೂ ಒಂದು ಅಪಾಯ ಉಳಿಯುತ್ತದೆ. ದಾನಿಯಿಂದ ಬಂದ ರೋಗನಿರೋಧಕ ಕೋಶಗಳಿಗೆ ರೋಗಿಯ ದೇಹವೇ ಪರಕೀಯವಾಗಿ ಕಂಡು ಚರ್ಮ, ಕರುಳು, ಯಕೃತ್ತಿನ ಮೇಲೆ ಎರಗಬಹುದು. ಅದನ್ನು ಹತ್ತಿಕ್ಕುವ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಬೇಕು. ಇಷ್ಟೆಲ್ಲ ದಾಟಿದವರ ರಕ್ತದ ಗುಂಪೇ ಕೆಲವೊಮ್ಮೆ ಬದಲಾಗಿರುತ್ತದೆ. ಬಿ ಪಾಸಿಟಿವ್ ಇದ್ದವರು ದಾನಿಯಂತೆ ಒ ಪಾಸಿಟಿವ್ ಆಗಿರುತ್ತಾರೆ.

ಇಷ್ಟು ಕಷ್ಟಪಡುವುದು ಏಕೆಂದು ಥಲಸ್ಸೇಮಿಯಾ ಮಗುವಿನ ತಾಯಿಯನ್ನು ಕೇಳಬೇಕು. ತಂದೆ-ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಸಂಭವ, ಮಗುವಿಗೆ ಕಾಯಿಲೆ ಬರಲು. ಎರಡು-ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಏರಿಸಿದ ರಕ್ತದ ಕಬ್ಬಿಣ ಹೃದಯ, ಯಕೃತ್ತುಗಳಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಹೊರಹಾಕಲು ಮತ್ತೆ ಔಷಧ. ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದಿದರೆ ಚಿಕ್ಕ ಮಕ್ಕಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮಂದಿ ಈ ಚಕ್ರದಿಂದ ಪಾರಾಗುತ್ತಾರೆ. ಇಟಲಿಯ ಪೆಸಾರೋದಲ್ಲಿ ಗುಯಿದೊ ಲುಕಾರೆಲ್ಲಿ ನೂರಾರು ಕಸಿ ಮಾಡಿ ಕಂಡುಕೊಂಡದ್ದು ಪ್ರತಿ ಕುಟುಂಬಕ್ಕೂ ಮುಖ್ಯ. ಕಸಿಗೆ ಮೊದಲು ಕಬ್ಬಿಣವನ್ನು ಚೆನ್ನಾಗಿ ತೆಗೆದು ಯಕೃತ್ತು ಕೆಡದಂತೆ ನೋಡಿಕೊಂಡ ಮಕ್ಕಳಲ್ಲಿ ಫಲಿತಾಂಶ ಬಹಳ ಚೆನ್ನಾಗಿರುತ್ತದೆ. ಕಸಿಗೆ ದುಡ್ಡು ಹೊಂದಿಸುವವರೆಗೆ ಮಾತ್ರೆ ತಪ್ಪಿಸಿದರೆ, ಕಸಿಯ ದಿನ ಬರುವಷ್ಟರಲ್ಲಿ ಅರ್ಧ ಸೋತಿರುತ್ತೇವೆ.

ಬೆಂಗಳೂರು ಈಗ ಈ ಕಸಿಯ ದೊಡ್ಡ ಕೇಂದ್ರಗಳಲ್ಲೊಂದು. ಸಂಕಲ್ಪ ಇಂಡಿಯಾ ಫೌಂಡೇಶನ್ ಎಂಬ ಸಂಸ್ಥೆ ಇಟಲಿಯ ಕ್ಯೂರ್ ಟು ಚಿಲ್ಡ್ರನ್ ಜೊತೆ ಸೇರಿ ಬಡ ಮಕ್ಕಳಿಗೆ ಕಡಿಮೆ ವೆಚ್ಚದಲ್ಲಿ ಕಸಿ ಮಾಡಿಸುತ್ತ ಬಂದಿದೆ. 2017ರಲ್ಲಿ ಶುರುವಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ ಕೋಲ್ ಇಂಡಿಯಾ ಸಂಸ್ಥೆ, ಅರ್ಹ ಕುಟುಂಬಗಳಿಗೆ 10 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ. ಈ ಸೌಲಭ್ಯದ ಸುದ್ದಿ ಹಳ್ಳಿಯ ಮನೆಗಳಿಗೆ ತಲುಪದೇ ಇರುವುದು ಸಂಕಟದ ಸಂಗತಿ.

ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಮನೆಯಲ್ಲಿ ಸಿಗದಿದ್ದರೆ ಹೊರಗಿನವರು ಬೇಕು, ಇಲ್ಲವೇ ತಂದೆಯೋ ತಾಯಿಯೋ ‘ಅರ್ಧ ಹೊಂದಿಕೆ’ಯ ಕಸಿಗೆ ಮುಂದಾಗಬೇಕು. ಹೊಂದಿಕೆಯ ಗುರುತುಗಳು ವಂಶದಿಂದ ಬರುವುದರಿಂದ ಕನ್ನಡದ ಮಗುವಿಗೆ ಹೊಂದುವ ದಾನಿ ಜರ್ಮನಿಯಲ್ಲಿ ಸಿಗುವುದಕ್ಕಿಂತ ನಮ್ಮ ಪಕ್ಕದ ಜಿಲ್ಲೆಯಲ್ಲಿ ಸಿಗುವ ಸಂಭವ ಹೆಚ್ಚು. ದುರದೃಷ್ಟವೆಂದರೆ ಎಂಟು ಕೋಟಿ ಜನರ ಜರ್ಮನಿಯಲ್ಲಿ ಒಂದು ಕೋಟಿಯ ಆಸುಪಾಸು ದಾನಿಗಳು ಹೆಸರು ಬರೆಸಿದ್ದರೆ, ನಮ್ಮ ಇಡೀ ದೇಶದಲ್ಲಿ ಆ ಸಂಖ್ಯೆ ಅದರ ಒಂದು ಸಣ್ಣ ಪಾಲು. ಚೆನ್ನೈಯ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ನೋಂದಣಿ ಮಾಡಿಸುತ್ತವೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಕೊಟ್ಟರೆ ಸಾಕು. ಮುಂದೆಂದಾದರೂ ಯಾರಿಗಾದರೂ ಹೊಂದಿದರೆ ನಾಲ್ಕೈದು ದಿನ ಚುಚ್ಚುಮದ್ದು, ಆಮೇಲೆ ಒಂದು ತೋಳಿನಿಂದ ರಕ್ತ ಹೊರಬಂದು ಯಂತ್ರದಲ್ಲಿ ಸ್ಟೆಮ್ ಸೆಲ್ ಬೇರ್ಪಟ್ಟು ಇನ್ನೊಂದು ತೋಳಿಗೆ ಮರಳುವ ಕೆಲವು ಗಂಟೆ. ಮೈಕೈ ನೋವು ಬರಬಹುದು. ಬೆನ್ನುಮೂಳೆಗೆ ಸೂಜಿ ಹಾಕುತ್ತಾರೆ, ಗಂಡಸುತನ ಹೋಗುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ.

ಹೀಗೆ ಕಣ್ಣು, ಚರ್ಮ, ರಕ್ತದಲ್ಲಿ ಗೆದ್ದದ್ದಕ್ಕೆ ಕಾರಣ ಒಂದೇ: ಅಲ್ಲಿ ಬೀಜ ಮೊದಲೇ ಇತ್ತು. ಮಿದುಳಿನ ಡೋಪಮೈನ್ ನರಕೋಶ, ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಕೋಶ, ಹೃದಯದ ಸ್ನಾಯು, ಇವು ಸತ್ತರೆ ದೇಹದ ಬಳಿ ತುಂಬಿಸಿಕೊಡುವಷ್ಟು ಬೀಜವಿಲ್ಲ. ಹಾಗಾದರೆ ಎಲ್ಲವೂ ಆಗಬಲ್ಲ ಕೋಶ ಎಲ್ಲಿದೆ? ಅದು ಭ್ರೂಣದಲ್ಲಿದೆ. 1998ರಲ್ಲಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಅಂಥ ಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಭ್ರೂಣ ನಾಶವಾಗುತ್ತದೆಂಬ ನೈತಿಕ ಪ್ರಶ್ನೆ ಎದ್ದಿತು. ಕ್ಯೋಟೊದಲ್ಲಿ ಶಿನ್ಯಾ ಯಮನಾಕ ಬೇರೆ ದಾರಿ ಹುಡುಕಿದರು. ಬೆಳೆದ ಚರ್ಮದ ಕೋಶಕ್ಕೆ 24 ಜೀನ್‌ಗಳನ್ನು ಸೇರಿಸಿ, ಒಂದೊಂದನ್ನೇ ಕಳೆಯುತ್ತ ಹೋಗಿ, ಕೇವಲ ನಾಲ್ಕು ಜೀನ್ ಸಾಕು, ಕೋಶ ಭ್ರೂಣದ ಸ್ಥಿತಿಗೆ ಮರಳುತ್ತದೆಂದು 2006ರಲ್ಲಿ ತೋರಿಸಿದರು. ಮೊದಲು ಇಲಿಯಲ್ಲಿ, ಮರುವರ್ಷ ಮನುಷ್ಯರಲ್ಲಿ. 2012ರ ನೊಬೆಲ್ ಅವರಿಗೂ, ಕಪ್ಪೆಗಳಲ್ಲಿ ಇದಕ್ಕೆ ದಾರಿ ತೋರಿದ್ದ ಜಾನ್ ಗರ್ಡನ್ ಅವರಿಗೂ ಸಂದಿತು.

ಎಲ್ಲವೂ ಆಗಬಲ್ಲ ಕೋಶ ಬೇಡವಾದದ್ದೂ ಆಗಬಲ್ಲದು. ಅದನ್ನು ನೇರವಾಗಿ ಇಲಿಗೆ ಚುಚ್ಚಿದರೆ ಕೂದಲು, ಹಲ್ಲು, ಕರುಳಿನ ಚೂರುಗಳೆಲ್ಲ ಸೇರಿದ ಗಡ್ಡೆ ಬೆಳೆಯುತ್ತದೆ. ಆದ್ದರಿಂದ ಲ್ಯಾಬಿನಲ್ಲೇ ಅದನ್ನು ಬೇಕಾದ ಬಗೆಯ ಕೋಶವನ್ನಾಗಿ ಪಳಗಿಸಿ, ಪಳಗದ ಒಂದೂ ಉಳಿಯದಂತೆ ಸೋಸಿ, ಆಮೇಲೆ ರೋಗಿಗೆ ಕೊಡಬೇಕು. 2014ರಲ್ಲಿ ಕೋಬೆಯಲ್ಲಿ ಮಸಾಯೊ ತಕಹಾಶಿ ಅವರ ತಂಡ ವಯಸ್ಸಾದ ಮಹಿಳೆಯೊಬ್ಬರ ಚರ್ಮದಿಂದ ಹೀಗೆ ಮಾಡಿದ ಕೋಶಗಳ ಹಾಳೆಯನ್ನು ಅವರ ಅಕ್ಷಿಪಟದ ಕೆಳಗೆ ಇಟ್ಟಿತು. ಗಡ್ಡೆಯೂ ಆಗಲಿಲ್ಲ, ದೃಷ್ಟಿ ಮತ್ತಷ್ಟು ಕುಂದಲೂ ಇಲ್ಲ. ಎರಡನೆಯ ರೋಗಿಯ ಕೋಶಗಳಲ್ಲಿ ಜೀನ್ ಬದಲಾವಣೆ ಕಂಡಾಗ ತಂಡ ಶಸ್ತ್ರಚಿಕಿತ್ಸೆಯನ್ನೇ ನಿಲ್ಲಿಸಿತು. ಈ ಕ್ಷೇತ್ರದಲ್ಲಿ ನಂಬಬಹುದಾದ ವೈದ್ಯರು ಹೀಗೆಯೇ ನಡೆದುಕೊಳ್ಳುತ್ತಾರೆ.

2025ರಲ್ಲಿ ಈ ನಿಧಾನದ ಕೆಲಸ ಫಲ ಕೊಡತೊಡಗಿತು. ಪಾರ್ಕಿನ್ಸನ್ ರೋಗಿಗಳ ಮಿದುಳಿಗೆ ಸ್ಟೆಮ್ ಸೆಲ್‌ನಿಂದ ಬೆಳೆಸಿದ ನರಕೋಶಗಳನ್ನು ಇಟ್ಟ ಎರಡು ಪ್ರಯೋಗಗಳ ವರದಿಗಳು, ಒಂದು ಕ್ಯೋಟೊದಿಂದ ಮತ್ತೊಂದು ಉತ್ತರ ಅಮೆರಿಕದಿಂದ, ಏಪ್ರಿಲ್‌ನಲ್ಲಿ ‘ನೇಚರ್’ನಲ್ಲಿ ಬಂದವು. ಕೋಶಗಳು ಉಳಿದಿದ್ದವು, ಡೋಪಮೈನ್ ಮಾಡುತ್ತಿದ್ದವು. ಎರಡೂ ಸಣ್ಣ ಪ್ರಯೋಗಗಳು, ಸುರಕ್ಷತೆ ಪರೀಕ್ಷಿಸಲೆಂದೇ ಮಾಡಿದವು. ಅದೇ ವರ್ಷದ ಜೂನ್‌ನಲ್ಲಿ ಬಾಲ್ಯದ ಬಗೆಯ, ಅಂದರೆ ಟೈಪ್ 1 ಸಕ್ಕರೆ ಕಾಯಿಲೆಯ ವರದಿ ಬಂತು. ಸ್ಟೆಮ್ ಸೆಲ್‌ನಿಂದ ಬೆಳೆಸಿದ ಇನ್ಸುಲಿನ್ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಜನರಲ್ಲಿ 10 ಮಂದಿ ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಬಿಟ್ಟಿದ್ದರು. ಆ ಕೋಶಗಳನ್ನು ದೇಹ ಹೊರದೂಡದಂತೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆಗಳನ್ನು ಮಾತ್ರ ಅವರು ಬಿಡುವಂತಿಲ್ಲ.

ಸ್ಟೆಮ್ ಸೆಲ್ ಹೆಸರಿನಲ್ಲಿ ನಡೆಯುವ ಇನ್ನೊಂದು ವ್ಯವಹಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ರೋಗಿಯ ಹೊಟ್ಟೆಯ ಕೊಬ್ಬನ್ನೋ ಸೊಂಟದ ಮೂಳೆಯ ಮಜ್ಜೆಯನ್ನೋ ತೆಗೆದು, ಒಂದೆರಡು ಗಂಟೆ ತಿರುಗಿಸಿ ಸೋಸಿ, ಬೆನ್ನುಹುರಿಗೆ, ಕೈಯ ನಾಳಕ್ಕೆ, ಮಂಡಿಗೆ, ಕಣ್ಣಿಗೆ ಚುಚ್ಚುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಎಲ್ಲಕ್ಕೂ ಒಂದೇ ಸಿರಿಂಜು. ಕೊಬ್ಬಿನ ಕೋಶವನ್ನು ಮಿದುಳಿನ ಹೊಲಕ್ಕೆ ಚೆಲ್ಲಿದರೆ ನರಕೋಶ ಮೊಳೆಯುವುದಿಲ್ಲ. ನಾಳದಲ್ಲಿ ಹರಿಸಿದ ಇಂಥ ಕೋಶಗಳಲ್ಲಿ ಬಹುಪಾಲು ಶ್ವಾಸಕೋಶದ ಸಣ್ಣ ನಾಳಗಳಲ್ಲೇ ಸಿಕ್ಕಿಕೊಂಡು ಕೆಲವು ದಿನಗಳಲ್ಲಿ ನಶಿಸುತ್ತವೆ.

ಹಾನಿಯಿಲ್ಲವಲ್ಲ, ನೋಡೋಣ ಎಂದುಕೊಳ್ಳುವವರು ಅಮೆರಿಕದ ಫ್ಲಾರಿಡಾದ ಮೂವರು ವೃದ್ಧೆಯರ ಕಥೆ ಕೇಳಬೇಕು. ಒಂದು ಕ್ಲಿನಿಕ್ಕಿನಲ್ಲಿ ತಲಾ 5,000 ಡಾಲರ್ ಕೊಟ್ಟು ಕೊಬ್ಬಿನ ಕೋಶಗಳನ್ನು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿಸಿಕೊಂಡರು. ಕೆಲವೇ ದಿನಗಳಲ್ಲಿ ಅಕ್ಷಿಪಟ ಕಳಚಿ, ರಕ್ತಸ್ರಾವವಾಗಿ ಮೂವರೂ ದೃಷ್ಟಿ ಕಳೆದುಕೊಂಡರೆಂದು 2017ರಲ್ಲಿ ವೈದ್ಯರು ವರದಿ ಮಾಡಿದರು. ಇಸ್ರೇಲಿನ ಹುಡುಗನೊಬ್ಬನಿಗೆ ಮಾಸ್ಕೋದಲ್ಲಿ ಭ್ರೂಣದ ನರ ಸ್ಟೆಮ್ ಸೆಲ್‌ಗಳನ್ನು ಮಿದುಳಿಗೆ ಚುಚ್ಚಿಸಿದ್ದರು. ವರ್ಷಗಳ ಮೇಲೆ ಅವನ ಮಿದುಳು ಮತ್ತು ಬೆನ್ನುಹುರಿಯಲ್ಲಿ ಗಡ್ಡೆಗಳು ಕಂಡವು. ಅವು ಅವನ ಕೋಶಗಳಿಂದ ಆದವಲ್ಲ, ದಾನಿಯ ಕೋಶಗಳಿಂದ ಬೆಳೆದವು ಎಂದು 2009ರ ವರದಿ ಹೇಳಿತು.

ಆಟಿಸಂ ಮಕ್ಕಳ ತಂದೆತಾಯಿ ಈ ಬಲೆಗೆ ಬೀಳುವುದು ಅವರ ದಡ್ಡತನದಿಂದಲ್ಲ. ಇಂಜೆಕ್ಷನ್ ಜೊತೆಗೇ ಮಾತಿನ ತರಬೇತಿ, ಆಟದ ತರಬೇತಿಯನ್ನೂ ಕೊಡುತ್ತಾರೆ, ಮಗುವೂ ಬೆಳೆಯುತ್ತಿರುತ್ತದೆ. ಆರು ತಿಂಗಳಲ್ಲಿ ಎರಡು ಹೊಸ ಮಾತು ಬಂದರೆ ಹೊಗಳಿಕೆ ಇಂಜೆಕ್ಷನ್ನಿಗೆ ಹೋಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 180 ಮಕ್ಕಳಲ್ಲಿ ಕೆಲವರಿಗೆ ಹೊಕ್ಕುಳಬಳ್ಳಿಯ ರಕ್ತ, ಉಳಿದವರಿಗೆ ಔಷಧವಿಲ್ಲದ ದ್ರವ ಕೊಟ್ಟು, ಯಾರಿಗೆ ಯಾವುದೆಂದು ಹೇಳದೆ ಹೋಲಿಸಿ ನೋಡಿತು. 2020ರಲ್ಲಿ ಬಂದ ಫಲಿತಾಂಶದಂತೆ, ಪ್ರಯೋಗದ ಮುಖ್ಯ ಅಳತೆಯಾಗಿದ್ದ ಜನರೊಂದಿಗೆ ಬೆರೆತು ಮಾತಾಡುವ ಸಾಮರ್ಥ್ಯದಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಕೊಡಬಾರದೆಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಆ ಹಣ ಒಳ್ಳೆಯ ಸ್ಪೀಚ್ ಥೆರಪಿಗೆ ಹೋದರೆ ಮಗುವಿಗೆ ವರ್ಷಗಟ್ಟಲೆ ಒದಗುತ್ತದೆ.

ಬಸುರಿಯರನ್ನು ಹುಡುಕಿಕೊಂಡು ಬರುವ ಹೊಕ್ಕುಳಬಳ್ಳಿ ಬ್ಯಾಂಕುಗಳ ಮಾತೂ ಬೇರೆಯಲ್ಲ. ಬಳ್ಳಿಯ ರಕ್ತದಲ್ಲಿ ಒಳ್ಳೆಯ ಸ್ಟೆಮ್ ಸೆಲ್‌ಗಳಿವೆ, ನಿಜ. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್‌ಮನ್ ಅವರು ತಂಗಿಯ ಬಳ್ಳಿಯ ರಕ್ತ ಕೊಟ್ಟು ಅಣ್ಣನನ್ನು ಉಳಿಸಿದ್ದರು. ಅದು ಒಬ್ಬರ ರಕ್ತ ಇನ್ನೊಬ್ಬರಿಗೆ ಒದಗಿದ್ದು. ಮಗುವಿನ ರಕ್ತವನ್ನು ಅದೇ ಮಗುವಿಗೆಂದು ಎತ್ತಿಡುವುದು ಬೇರೆಯೇ ವಿಷಯ. ಥಲಸ್ಸೇಮಿಯಾ ಬಂದರೆ ಎತ್ತಿಟ್ಟ ಕೋಶದಲ್ಲೂ ಅದೇ ಕೆಟ್ಟ ಜೀನ್ ಇರುತ್ತದೆ. ಮಗುವಿನ ಮುಂದಿನ ಬಳಕೆಗೆಂದು ಹೀಗೆ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್, ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲಿ ಆಗಲೇ ಥಲಸ್ಸೇಮಿಯಾದಂಥ ಕಾಯಿಲೆಯ ಮಗುವಿದ್ದು ಇನ್ನೊಂದು ಹುಟ್ಟುತ್ತಿದ್ದರೆ ಮಾತ್ರ ವೈದ್ಯರ ಸಲಹೆಯಂತೆ ಯೋಚಿಸಬಹುದು.

ರೋಗಿಯ ಮನೆಯವರು ಕ್ಲಿನಿಕ್ಕಿನಲ್ಲಿ ಕೂತಾಗ ಮೊದಲು ಕೇಳಬೇಕಾದ್ದು, ಇದು ಒಪ್ಪಿತ ಚಿಕಿತ್ಸೆಯೋ ಪ್ರಯೋಗವೋ ಎಂದು. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ರಕ್ತದ ಕಾಯಿಲೆಗಳ ಮಜ್ಜೆ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಪ್ರಯೋಗದ ಹಂತದ್ದು. ಅದರ ನಂತರ ಔಷಧ ನಿಯಂತ್ರಕರು ನಿರ್ದಿಷ್ಟ ಕಾಯಿಲೆಗೆಂದು ಅನುಮತಿ ಕೊಟ್ಟಿದ್ದರೆ ಆ ಔಷಧದ ಹೆಸರು, ಆ ಕಾಯಿಲೆಯ ಹೆಸರು ಎರಡನ್ನೂ ಕ್ಲಿನಿಕ್ಕಿನವರಿಗೆ ಹೇಳಲು ಬರಬೇಕು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ತಯಾರಿಸಿದ ಉತ್ಪನ್ನಕ್ಕೆ, ತಂಬಾಕು ಸೇವಿಸುವವರ ಕಾಲಿನ ನಾಳ ಮುಚ್ಚಿ ಕೊಳೆಯುವ ಬರ್ಗರ್ ಕಾಯಿಲೆಗೆ ಇಂಥ ಅನುಮತಿ ಸಿಕ್ಕಿದೆ. ಹಾಗೆಂದು ಅದು ಆಟಿಸಂಗೆ ಅನ್ವಯಿಸುವುದಿಲ್ಲ. ಪ್ರಯೋಗವಾದರೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಅದರ ಸಂಖ್ಯೆ ಇರಬೇಕು, ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ನೋಂದಣಿ ಸಂಖ್ಯೆ ಇದ್ದ ಮಾತ್ರಕ್ಕೆ ಚಿಕಿತ್ಸೆ ಫಲಿಸುತ್ತದೆ ಎಂದಲ್ಲ. ಫ್ಲಾರಿಡಾದ ಕ್ಲಿನಿಕ್ಕೂ ಅಲ್ಲಿನ ಸರ್ಕಾರಿ ಪಟ್ಟಿಯಲ್ಲಿ ಪ್ರಯೋಗವೆಂದು ಹೆಸರು ಬರೆಸಿತ್ತು. ಪ್ರಯೋಗಕ್ಕೆ ಹಣ ಕೇಳಿದ ಕ್ಷಣ ಎದ್ದು ಬರುವುದೇ ಸರಿ.

ನಿಜವಾದ ಪ್ರಯೋಗ ಹೇಗಿರುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ವೆಲ್ಲೂರಿನ ಸಿಎಂಸಿಯ ಆವರಣದಲ್ಲಿ ಸ್ಟೆಮ್ ಸೆಲ್ ಸಂಶೋಧನಾ ಕೇಂದ್ರವಿದೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗ ಅದು. ಗಾಯವಾದರೆ ರಕ್ತ ಹೆಪ್ಪುಗಟ್ಟದ ತೀವ್ರ ಹಿಮೋಫಿಲಿಯಾದ ಐವರನ್ನು ಅಲ್ಲಿ ಆರಿಸಿದರು. ಅವರದೇ ರಕ್ತದ ಸ್ಟೆಮ್ ಸೆಲ್‌ಗಳನ್ನು ತೆಗೆದು, ನಿರುಪದ್ರವಿ ವೈರಸ್ಸಿನ ಮೂಲಕ ಸರಿಯಾದ ಜೀನ್ ತುಂಬಿ, ಕೀಮೋ ನಂತರ ಮರಳಿ ಕೊಟ್ಟರು. ಹೆಪ್ಪುಗಟ್ಟಿಸುವ ಅಂಶವನ್ನು ಆಗಾಗ ಚುಚ್ಚಿಸಿಕೊಳ್ಳುತ್ತಿದ್ದ ಐವರಲ್ಲೂ ಆಮೇಲೆ ರಕ್ತಸ್ರಾವ ಕಾಣಲಿಲ್ಲವೆಂದು ಡಾ. ಅಲೋಕ್ ಶ್ರೀವಾಸ್ತವ ಅವರ ತಂಡ 2024ರ ಡಿಸೆಂಬರಿನಲ್ಲಿ ವರದಿ ಮಾಡಿತು. ಇದೇ ಬಗೆಯಲ್ಲಿ, ಜೀನ್ ತಿದ್ದಿದ ಸ್ಟೆಮ್ ಸೆಲ್‌ಗಳಿಂದ ಕುಡಗೋಲು ಕಣ ರಕ್ತಹೀನತೆಗೆ, ಅಂದರೆ ಸಿಕಲ್ ಸೆಲ್ ಕಾಯಿಲೆಗೆ, ಚಿಕಿತ್ಸೆ ಕೊಡಲು 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಅನುಮತಿ ಕೊಟ್ಟಿವೆ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಆ ಕಾಯಿಲೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ, ಮೈಸೂರು-ಕೊಡಗಿನ ಜೇನುಕುರುಬರಲ್ಲೂ ಇದೆ. ದೆಹಲಿಯ ಐಜಿಐಬಿ ಸಂಸ್ಥೆಯ ವಿಜ್ಞಾನಿಗಳು ಕಡಿಮೆ ಬೆಲೆಯಲ್ಲಿ ಅಂಥದೇ ತಿದ್ದುಪಡಿ ಮಾಡುವ ಕೆಲಸದಲ್ಲಿದ್ದಾರೆ. ಅದು ಕಾಡಿನ ಹಾಡಿಗಳವರೆಗೆ ಬರುವ ತನಕ ಅಲ್ಲಿನ ಮಕ್ಕಳ ನೋವು ತಗ್ಗಿಸಬಲ್ಲ ಔಷಧ ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಗುಳಿಗೆ. ಅದನ್ನು ಶುರು ಮಾಡಲು ಮಗುವಿಗೆ ಕಾಯಿಲೆ ಇದೆಯೆಂದು ಬೇಗ ಗೊತ್ತಾಗಬೇಕು, ಅದಕ್ಕೆ ಬೇಕಾದ್ದು ಒಂದು ಹನಿ ರಕ್ತದ ಪರೀಕ್ಷೆ.